ತ್ರಾಸೇನೂ ಇಲ್ಲ, ರಿಪೋರ್ಟಿನಲ್ಲಿ ಮಾತ್ರ 486: ಗಂಗಾವತಿಯ ಒಂದು ಪ್ರಕರಣ

ಇವರು ಗಂಗಾವತಿಯಲ್ಲಿ ಭತ್ತದ ಅಡತಿ ಅಂಗಡಿ ಇಟ್ಟವರು. ವಯಸ್ಸು 61. ಸಕ್ಕರೆ ಕಾಯಿಲೆ ಶುರುವಾಗಿ 12 ವರ್ಷ ಆಗಿದೆ, ಬಿಪಿಯೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. ಬೀಡಿ, ಸಿಗರೇಟು, ಕುಡಿತ ಇಲ್ಲ. ಎದೆನೋವಿಲ್ಲ, ದಮ್ಮಿಲ್ಲ, ಕಾಲು ಬಾವು ಇಲ್ಲ. ಆದರೂ ಒಂದು ದಿನ ಹೆಂಡತಿ, ಮಗನ ಜೊತೆ ಬಂದು ಕುಳಿತರು. ಮೂವರ ಮುಖವೂ ಬಾಡಿತ್ತು. (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ, ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.)

ನಡೆದದ್ದಿಷ್ಟು. ಬೆಂಗಳೂರಿನಲ್ಲಿರುವ ಮಗಳು ಅಪ್ಪನಿಗಾಗಿ ಫುಲ್ ಬಾಡಿ ಚೆಕಪ್ ಪ್ಯಾಕೇಜ್ ಬುಕ್ ಮಾಡಿದ್ದಳು. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು. ಸಂಜೆ ರಿಪೋರ್ಟ್ ಮೊಬೈಲಿಗೆ ಬಂತು. ಅದರಲ್ಲಿ ಎನ್‌ಟಿ-ಪ್ರೊಬಿಎನ್‌ಪಿ ಅನ್ನೋ ಒಂದು ಸಾಲು ಕೆಂಪಾಗಿತ್ತು: 486 ಪಿಕೋಗ್ರಾಂ, ಅಂದರೆ ಒಂದು ಮಿಲಿಲೀಟರ್ ರಕ್ತದಲ್ಲಿ. ಪಕ್ಕದಲ್ಲಿ ‘125ಕ್ಕಿಂತ ಕಡಿಮೆ’ ಅಂತ ಅಚ್ಚಾಗಿತ್ತು. ಕೆಳಗೆ ‘ಹಾರ್ಟ್ ಫೇಲ್ಯೂರ್ ಮಾರ್ಕರ್’ ಅಂತ ಬೇರೆ, ಅಂದರೆ ಹೃದಯ ಸೋಲುತ್ತಿರುವುದರ ಸೂಚಕ. ಆ ಮೂರು ಪದ ಓದಿದ ಮೇಲೆ ಮನೆಯಲ್ಲಿ ಯಾರಿಗೆ ನಿದ್ದೆ ಬಂದೀತು?

‘ಡಾಕ್ಟ್ರ, ನನಗ ಏನೂ ತ್ರಾಸ ಇಲ್ಲರೀ. ಉಣ್ತೀನಿ, ತಿರಗಾಡ್ತೀನಿ, ಅಂಗಡಿ ನೋಡ್ಕೋತೀನಿ. ಇವ್ರು ನೋಡಿದ್ರ ಹಾರ್ಟ್ ಫೇಲ್ ಅಂತಾರ’ ಅಂದರು.

ಮಗ ಆಗಲೇ ತೀರ್ಮಾನಿಸಿಬಿಟ್ಟಿದ್ದ. ‘ಸರ್, ಸೀದಾ ಆಂಜಿಯೋಗ್ರಾಂ ಮಾಡಿಸಿಬಿಡೋಣೇನ್ರೀ?’

ಇಲ್ಲಿ ಎರಡು ತಪ್ಪು ದಾರಿ ಇದ್ದವು. ಒಂದು, ‘ತ್ರಾಸ ಇಲ್ಲ ಅಂದ್ಮೇಲೆ ಬಿಡ್ರಿ, ಲ್ಯಾಬಿನವರು ಏನೋ ಬರೀತಾರೆ’ ಅಂತ ಮನೆಗೆ ಕಳಿಸುವುದು. ಇನ್ನೊಂದು, ಮಗ ಹೇಳಿದ ದಾರಿ. ನನ್ನ ಮುಂದಿದ್ದ ಪ್ರಶ್ನೆ ಎರಡಕ್ಕಿಂತ ಬೇರೆ. ಈ ಮನುಷ್ಯನ ಹೃದಯದ ಗೋಡೆಗೆ ಜಾಸ್ತಿ ಒತ್ತಡ ಬೀಳುತ್ತಿದೆ ಅಂತ ರಕ್ತ ಹೇಳುತ್ತಿದೆ. ಯಾಕೆ ಬೀಳುತ್ತಿದೆ?

ಆ ಅಂಕಿ ಎಲ್ಲಿಂದ ಬರುತ್ತದೆ

ಹೃದಯ ಬರೀ ಪಂಪ್ ಅಲ್ಲ, ಹಾರ್ಮೋನನ್ನೂ ತಯಾರಿಸುತ್ತದೆ. 1988ರಲ್ಲಿ ಜಪಾನಿನ ಸಂಶೋಧಕರು ಹಂದಿಯ ಮೆದುಳಿನಲ್ಲಿ ಒಂದು ಹೊಸ ವಸ್ತು ಕಂಡುಹಿಡಿದು, ಅದಕ್ಕೆ ಮೆದುಳಿನ ಹೆಸರನ್ನೇ ಇಟ್ಟರು. ಬಿಎನ್‌ಪಿಯ ಬಿ ಅಂದರೆ ಬ್ರೈನ್. ಮನುಷ್ಯರಲ್ಲಿ ಅದನ್ನು ಮುಖ್ಯವಾಗಿ ತಯಾರಿಸುವುದು ಹೃದಯದ ಕೆಳಗಿನ ಕೋಣೆಗಳು ಅಂತ ಆಮೇಲೆ ತಿಳಿಯಿತು. ಹೆಸರು ಮಾತ್ರ ಹಾಗೇ ಉಳಿಯಿತು.

ಹೃದಯದ ಗೋಡೆ ಹಿಗ್ಗಿದಾಗ, ಒಳಗಿನ ಒತ್ತಡ ಏರಿದಾಗ, ಸ್ನಾಯುವಿನ ಕಣಗಳು ಪ್ರೊಬಿಎನ್‌ಪಿ ಅನ್ನೋ ಉದ್ದನೆಯ ಪ್ರೋಟೀನನ್ನು ಮಾಡುತ್ತವೆ. ಅದು ಎರಡು ತುಂಡಾಗುತ್ತದೆ. ಒಂದು ಬಿಎನ್‌ಪಿ. ಇದು ಕಿಡ್ನಿಗೆ ಉಪ್ಪು, ನೀರು ಹೊರಗೆ ಹಾಕಲು ಹೇಳುತ್ತದೆ, ರಕ್ತನಾಳ ಸಡಿಲಿಸುತ್ತದೆ. ಅಂದರೆ ಹೃದಯ ತನ್ನ ಹೊರೆ ತಾನೇ ಇಳಿಸಿಕೊಳ್ಳಲು ನೋಡುತ್ತದೆ. ಇನ್ನೊಂದು ತುಂಡು ಎನ್‌ಟಿ-ಪ್ರೊಬಿಎನ್‌ಪಿ. ಇದಕ್ಕೆ ಮಾಡಲು ಕೆಲಸವೇನೂ ಇಲ್ಲ. ಆದರೆ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ, ಅಳೆಯಲು ಅನುಕೂಲ. ಇದನ್ನು ಹೊರಗೆ ಹಾಕುವ ಕೆಲಸದಲ್ಲಿ ಕಿಡ್ನಿಯ ಪಾಲು ದೊಡ್ಡದು. ಈ ಮಾತು ಮುಂದೆ ಬೇಕಾಗುತ್ತದೆ.

ಇನ್ನು 125ರ ವಿಚಾರ. ಓಪಿಡಿಗೆ ನಡೆದುಕೊಂಡು ಬರುವವರಲ್ಲಿ ಅಂಕಿ 125ಕ್ಕಿಂತ ಕಡಿಮೆ ಇದ್ದರೆ ಹಾರ್ಟ್ ಫೇಲ್ಯೂರ್ ಇರುವ ಸಾಧ್ಯತೆ ತೀರಾ ಕಡಿಮೆ. ಆ ಗೆರೆ ಎಳೆದದ್ದು ಇಷ್ಟಕ್ಕೆ, ಕಾಯಿಲೆ ಇಲ್ಲ ಅನ್ನುವುದಕ್ಕೆ. ಅದನ್ನು ದಾಟಿದರೆ ಕಾಯಿಲೆ ಇದೆ ಅಂತ ಅರ್ಥವಲ್ಲ. ದಮ್ಮು ಹತ್ತಿ ತುರ್ತು ವಿಭಾಗಕ್ಕೆ ಬಂದವರಿಗೆ ಗೆರೆಗಳೇ ಬೇರೆ: 300ರ ಕೆಳಗಿದ್ದರೆ ಹಾರ್ಟ್ ಫೇಲ್ಯೂರ್ ಅಲ್ಲ ಅನ್ನಬಹುದು. ಇದೆ ಅನ್ನಲು 50 ವರ್ಷದೊಳಗಿನವರಿಗೆ 450, 50ರಿಂದ 75ರವರೆಗೆ 900, ಅದರ ಮೇಲೆ 1800. ಬ್ರಿಟನ್ನಿನ ಮಾರ್ಗಸೂಚಿಯಲ್ಲಿ ಲಕ್ಷಣ ಇರುವವರನ್ನೂ ತಜ್ಞರ ಹತ್ತಿರ ಕಳಿಸುವುದು 400 ದಾಟಿದರೆ. ಒಂದೇ 486, ಯಾರ ರಕ್ತ, ಯಾವ ಸಂದರ್ಭ ಅನ್ನುವುದರ ಮೇಲೆ ಅರ್ಥ ಬದಲಾಗುತ್ತದೆ. ಲ್ಯಾಬಿನ ಕಂಪ್ಯೂಟರಿಗೆ ಇದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಕೆಂಪು ಬಣ್ಣ ಒಂದೇ.

‘ತ್ರಾಸ ಇಲ್ಲ’ ಅನ್ನುವುದನ್ನೂ ಪರೀಕ್ಷಿಸಬೇಕು

ನಾನು ಹೆಚ್ಚು ಹೊತ್ತು ಕಳೆದದ್ದು ಇಲ್ಲೇ. ದಮ್ಮು ನಿಧಾನಕ್ಕೆ ಬಂದರೆ ಜನ ಅದಕ್ಕೆ ತಕ್ಕಂತೆ ಬದುಕನ್ನೇ ಬದಲಿಸಿಕೊಳ್ಳುತ್ತಾರೆ. ಮಹಡಿ ಹತ್ತುವುದು ಬಿಡುತ್ತಾರೆ, ಬೈಕ್ ತೆಗೆಯುತ್ತಾರೆ, ಹುಡುಗನನ್ನು ಕಳಿಸುತ್ತಾರೆ. ಆಮೇಲೆ ‘ಏನೂ ಇಲ್ಲರೀ’ ಅಂತಾರೆ. ಅದು ಸುಳ್ಳಲ್ಲ. ಮಾಡದ ಕೆಲಸಕ್ಕೆ ದಮ್ಮು ಎಲ್ಲಿಂದ ಬರಬೇಕು? ಅದಕ್ಕೇ ‘ದಮ್ಮು ಬರುತ್ತಾ’ ಅಂತ ಕೇಳಿ ಸುಮ್ಮನಾದರೆ ಸಾಲದು. ಎರಡು ವರ್ಷದ ಹಿಂದೆ ಮಾಡುತ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದೀರಿ ಅಂತ ಕೇಳಬೇಕು. ಆ ಪ್ರಶ್ನೆಯನ್ನು ಹೆಂಡತಿಯ ಕಡೆ ತಿರುಗಿ ಕೇಳಿದರೆ ಇನ್ನೂ ಒಳ್ಳೆಯದು.

ಅಂಜನಾದ್ರಿ ಬೆಟ್ಟ ಹತ್ತಿದ್ದು ಯಾವಾಗ ಅಂತ ಕೇಳಿದೆ. ನಮ್ಮ ಕಡೆ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಐನೂರಕ್ಕೂ ಜಾಸ್ತಿ ಮೆಟ್ಟಿಲು, ಒಂದಲ್ಲ ಒಂದು ನೆಪಕ್ಕೆ ಎಲ್ಲರೂ ಹತ್ತುತ್ತಾರೆ.

‘ಹೋದ ಹನುಮ ಜಯಂತಿಗೆ ಹತ್ತೀನ್ರೀ.’

‘ನಡುವೆ ಎಷ್ಟು ಸಲ ಕೂತ್ರಿ?’

ಅವರು ಬಾಯಿ ತೆರೆಯುವುದರೊಳಗೆ ಹೆಂಡತಿ ಹೇಳಿದರು: ‘ಎರಡು ಸಲ ಕುಂತಾರ. ಅದೂ ನನಗ ಮೊಣಕಾಲು ಹಿಡ್ಕೊಂಡವು ಅಂತ ಕುಂತಾರ. ಇವ್ರು ಹತ್ತತಿದ್ರು.’

ಇದು ಒಳ್ಳೆ ಸಾಕ್ಷಿ. ರಾತ್ರಿ ಒಂದೇ ದಿಂಬು. ನಡುರಾತ್ರಿ ಉಸಿರುಗಟ್ಟಿ ಎದ್ದು ಕೂರುವುದಿಲ್ಲ. ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದೆ, ಗುಂಡಿ ಬೀಳಲಿಲ್ಲ. ಅರ್ಧ ಒರಗಿಸಿ ಮಲಗಿಸಿ ಕುತ್ತಿಗೆಯ ನರ ನೋಡಿದೆ, ಉಬ್ಬಿರಲಿಲ್ಲ. ಶ್ವಾಸಕೋಶದಲ್ಲಿ ಗೊರಗೊರ ಇಲ್ಲ. ಕಾರಿಡಾರಿನಲ್ಲಿ ಆರು ನಿಮಿಷ ಜೋರಾಗಿ ನಡೆಸಿದೆ. ಬಂದು ಕುಳಿತು ಮಾತು ತುಂಡಾಗದೆ ಮಾತಾಡಿದರು. ನಿಜಕ್ಕೂ ಲಕ್ಷಣ ಇರಲಿಲ್ಲ.

ಬಿಪಿ ಮಾತ್ರ 168/94. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರೂ ಅದೇ ಆಸುಪಾಸು.

ಚೀಲದಲ್ಲಿದ್ದ ಗುಳಿಗೆಗಳು

ಮನೆಯಲ್ಲಿರುವ ಗುಳಿಗೆ ಎಲ್ಲಾ ತನ್ನಿ ಅಂತ ಹೇಳಿದ್ದೆ. ಮಗ ಒಂದು ಪ್ಲಾಸ್ಟಿಕ್ ಚೀಲ ತಂದು ಟೇಬಲ್ ಮೇಲೆ ಸುರುವಿದ. ನನ್ನ ಅನುಭವದಲ್ಲಿ ಅರ್ಧ ರೋಗಚರಿತ್ರೆ ಇಂಥ ಚೀಲದಲ್ಲೇ ಇರುತ್ತದೆ.

ಟೆಲ್ಮಿಸಾರ್ಟಾನ್ 40ರ ಪಟ್ಟಿಯಲ್ಲಿ ನಾಲ್ಕು ಗುಳಿಗೆ ಖಾಲಿ, ಉಳಿದವು ಹಾಗೇ. ಪಟ್ಟಿಯ ಬೆನ್ನು ಮಾಸಿ, ಮಡಚಿ ಸೀಳು ಬಿಟ್ಟಿತ್ತು. ‘ತಲಿ ಸುತ್ತಿದಾಗ ಒಂದು ತಗೋತೀನ್ರೀ’ ಅಂದರು. ಬಿಪಿ ಗುಳಿಗೆಯನ್ನು ತಲೆನೋವಿನ ಗುಳಿಗೆಯ ಹಾಗೆ ನುಂಗುವವರು ಈ ಭಾಗದಲ್ಲಿ ಇವರೊಬ್ಬರೇ ಅಲ್ಲ.

ಸಕ್ಕರೆಗೆ ಮೂರು ಔಷಧಿ ಸೇರಿದ ಒಂದೇ ಗುಳಿಗೆ: ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ಪಯೋಗ್ಲಿಟಜೋನ್. ಅಗ್ಗ, ಸಕ್ಕರೆ ಇಳಿಸುತ್ತದೆ, ತುಂಬಾ ಜನ ತೆಗೆದುಕೊಳ್ಳುತ್ತಾರೆ. ಆದರೆ ಇದರಲ್ಲಿರುವ ಪಯೋಗ್ಲಿಟಜೋನ್ ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ. ಹಾರ್ಟ್ ಫೇಲ್ಯೂರ್ ಇರುವವರಿಗೆ ಅದನ್ನು ಕೊಡುವ ಹಾಗಿಲ್ಲ, ಆ ಕಡೆ ವಾಲುತ್ತಿರುವವರಿಗೂ ಬೇಡ.

ಮೂರನೆಯದು ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತಂದ ಅಸೆಕ್ಲೋಫೆನಾಕ್. ಮೊಣಕಾಲು ನೋವಿಗೆ, ವಾರದಲ್ಲಿ ಮೂರು ನಾಲ್ಕು ದಿನ. ಇಂಥ ನೋವಿನ ಗುಳಿಗೆಗಳು ಬಿಪಿ ಏರಿಸುತ್ತವೆ, ನೀರು ಹಿಡಿಸುತ್ತವೆ, ಕಿಡ್ನಿಗೂ ಪೆಟ್ಟು ಕೊಡುತ್ತವೆ. ಬಿಪಿ ಇಳಿಸುವ ಗುಳಿಗೆ ಬಿಟ್ಟುಬಿಟ್ಟು, ಏರಿಸುವ ಗುಳಿಗೆ ತಪ್ಪದೆ ನುಂಗಿದ ಹಾಗಾಗಿತ್ತು.

ಬೇರೆ ಕಾರಣಗಳ ಪಟ್ಟಿ

486ಕ್ಕೆ ಹೃದಯದ ಕಾಯಿಲೆಯೇ ಕಾರಣ ಆಗಬೇಕಿಲ್ಲ. ವಯಸ್ಸಾದಂತೆ ಈ ಅಂಕಿ ಏರುತ್ತದೆ. ಹೆಂಗಸರಲ್ಲಿ ಗಂಡಸರಿಗಿಂತ ಸ್ವಲ್ಪ ಜಾಸ್ತಿ. ರಕ್ತಹೀನತೆ, ಥೈರಾಯ್ಡ್ ಜಾಸ್ತಿ ಆಗಿರುವುದು, ದೊಡ್ಡ ಸೋಂಕು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು, ಎಲ್ಲವೂ ಏರಿಸುತ್ತವೆ. ಏಟ್ರಿಯಲ್ ಫಿಬ್ರಿಲೇಶನ್ ಅಂದರೆ ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ ಇದ್ದರಂತೂ ಚೆನ್ನಾಗಿಯೇ ಏರುತ್ತದೆ. ತಮಾಷೆ ಅಂದರೆ ಬೊಜ್ಜು ಇದ್ದವರಲ್ಲಿ ಕಡಿಮೆ ತೋರಿಸುತ್ತದೆ. ತುಂಬಾ ದಪ್ಪ ಇರುವವರಲ್ಲಿ 110 ಬಂದರೂ ‘ನಾರ್ಮಲ್’ ಅಂತ ನಿಶ್ಚಿಂತೆಯಿಂದ ಇರುವಂತಿಲ್ಲ.

ಇವರಲ್ಲಿ ನಾಡಿ ಸಮವಾಗಿತ್ತು, ಇಸಿಜಿಯಲ್ಲೂ ತಾಳ ಸರಿ ಇತ್ತು. ಹಿಮೋಗ್ಲೋಬಿನ್ 12.8, ಸ್ವಲ್ಪ ಕಡಿಮೆ, ಆದರೆ ಇದನ್ನು ವಿವರಿಸುವಷ್ಟಲ್ಲ. ಥೈರಾಯ್ಡ್ ಸರಿ. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ, 8.4. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ಹೇಳುವ ಕ್ರಿಯಾಟಿನಿನ್ 1.4.

ಈ 1.4 ಅದೇ ರಿಪೋರ್ಟಿನಲ್ಲಿ ಇತ್ತು, ಯಾರೂ ಅದರ ಬಗ್ಗೆ ಚಕಾರ ಎತ್ತಿರಲಿಲ್ಲ. ‘ಸ್ವಲ್ಪ ಜಾಸ್ತಿ ಅಷ್ಟೇ’ ಅನ್ನುವ ಹಾಗೆ ಕಾಣುತ್ತದೆ. ವಯಸ್ಸು ಸೇರಿಸಿ ಲೆಕ್ಕ ಹಾಕಿದರೆ ಇಜಿಎಫ್‌ಆರ್ ಸುಮಾರು 57. ಅಂದರೆ ಕಿಡ್ನಿ ಸೋಸುವ ಶಕ್ತಿ ಇಳಿದಿದೆ. ಮೂತ್ರ ಪರೀಕ್ಷೆ ಪ್ಯಾಕೇಜಿನಲ್ಲಿ ಸರಿಯಾಗಿ ಇರಲಿಲ್ಲ, ನಾನು ಬರೆದುಕೊಟ್ಟೆ. ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ, ಅಂದರೆ ಮೂತ್ರದಲ್ಲಿ ಪ್ರೋಟೀನ್ ಎಷ್ಟು ಸೋರುತ್ತಿದೆ ಅನ್ನುವ ಅಳತೆ, 140 ಬಂತು. 30ರ ಕೆಳಗೆ ಇರಬೇಕಾದದ್ದು. ನನ್ನನ್ನು ಕೇಳಿದರೆ, ಈ ಮನುಷ್ಯನ ರಿಪೋರ್ಟಿನಲ್ಲಿ ಕೆಂಪಾಗಬೇಕಿದ್ದ ಅಂಕಿಗಳಲ್ಲಿ ಇದಕ್ಕೂ ಸಮಾನ ಜಾಗ ಇತ್ತು.

ಹಾಗಾದರೆ ಕಿಡ್ನಿ ಹೊರಗೆ ಹಾಕದೆ ಉಳಿಸಿಕೊಂಡದ್ದಕ್ಕೇ 486 ಆಯಿತಾ? ಒಂದು ಪಾಲು ಇರಬಹುದು. ಪೂರ್ತಿ ಅದೇ ಅಂತ ಹೇಳಿ ಮುಗಿಸುವುದು ಸುಲಭ. ಆದರೆ ಇಸಿಜಿಯಲ್ಲಿ ಎಡ ಕೋಣೆ ದಪ್ಪ ಆಗಿರುವ ಸೂಚನೆ ಇತ್ತು. ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡಿಸದೆ ಬಿಡುವ ಹಾಗಿರಲಿಲ್ಲ.

ಎಕೋ ಹೇಳಿದ್ದು

ಪಂಪ್ ಮಾಡುವ ಶಕ್ತಿ, ಅಂದರೆ ಇಜೆಕ್ಷನ್ ಫ್ರಾಕ್ಷನ್, 60 ಶೇಕಡಾ. ಚೆನ್ನಾಗಿದೆ. ಗೋಡೆಯ ಯಾವ ಭಾಗವೂ ಅಲುಗಾಡದೆ ನಿಂತಿಲ್ಲ, ಅಂದರೆ ಹಳೆಯ ಹಾರ್ಟ್ ಅಟ್ಯಾಕಿನ ಗುರುತಿಲ್ಲ. ಕವಾಟಗಳು ಸರಿ. ಆದರೆ ಎಡ ಕೆಳಕೋಣೆಯ ಗೋಡೆ 13 ಮಿಲಿಮೀಟರ್. ಗಂಡಸರಲ್ಲಿ 10ರವರೆಗೆ ಸಹಜ. ಎಡ ಮೇಲ್ಕೋಣೆ ಸ್ವಲ್ಪ ಹಿಗ್ಗಿದೆ. ಸಡಿಲಗೊಂಡು ರಕ್ತ ತುಂಬಿಕೊಳ್ಳುವುದು ನಿಧಾನವಾಗಿದೆ.

‘ಇಎಫ್ 60 ಐತಲ್ರೀ, ಮತ್ತೇನು?’ ಅಂದ ಮಗ. ಎಕೋ ಅಂದರೆ ಆ ಒಂದು ಸಂಖ್ಯೆ ಅಂತ ಎಲ್ಲರೂ ಕಲಿತುಬಿಟ್ಟಿದ್ದಾರೆ. ಅವರ ಅಂಗಡಿಯ ಹಮಾಲರನ್ನೇ ತೋರಿಸಿ ಹೇಳಿದೆ. ದಿನಾ ಚೀಲ ಹೊತ್ತು ಹೊತ್ತು ಹಮಾಲರ ತೋಳು ದಪ್ಪಗಾಗುತ್ತೆ ಅಲ್ವಾ, ಬಿಪಿ ಜಾಸ್ತಿ ಇದ್ದರೆ ಹೃದಯದ ಗೋಡೆಯೂ ಹಾಗೇ ದಪ್ಪಗಾಗುತ್ತೆ. ತೋಳಿಗೆ ಅದು ಶಕ್ತಿ. ಹೃದಯಕ್ಕೆ ಹಾಗಲ್ಲ. ದಪ್ಪಗಾದ ಗೋಡೆ ಬಿಗಿಯಾಗುತ್ತೆ, ಸುಲಭಕ್ಕೆ ಹಿಗ್ಗುವುದಿಲ್ಲ, ರಕ್ತ ತುಂಬಿಸಿಕೊಳ್ಳಲು ಒಳಗಿನ ಒತ್ತಡ ಏರಬೇಕಾಗುತ್ತೆ. ಆ ಒತ್ತಡಕ್ಕೇ ಎನ್‌ಟಿ-ಪ್ರೊಬಿಎನ್‌ಪಿ ಹುಟ್ಟುವುದು.

ಈ ಹಂತಕ್ಕೆ ವೈದ್ಯಕೀಯದಲ್ಲಿ ಒಂದು ಜಾಗ ಇದೆ. ಹಾರ್ಟ್ ಫೇಲ್ಯೂರನ್ನು ಎ, ಬಿ, ಸಿ, ಡಿ ಅಂತ ನಾಲ್ಕು ಹಂತವಾಗಿ ನೋಡುತ್ತಾರೆ. ಎ ಅಂದರೆ ಬಿಪಿ, ಸಕ್ಕರೆಯಂಥ ಅಪಾಯ ಮಾತ್ರ ಇರುವವರು. ಸಿ ಅಂದರೆ ಲಕ್ಷಣ ಶುರುವಾದವರು. ಡಿ ಕೊನೆಯದು. ನಡುವಿನ ಬಿ ಹಂತಕ್ಕೆ 2021ರ ಅಂತರರಾಷ್ಟ್ರೀಯ ವ್ಯಾಖ್ಯಾನದಲ್ಲೂ 2022ರ ಅಮೆರಿಕದ ಮಾರ್ಗಸೂಚಿಯಲ್ಲೂ ಪ್ರಿ-ಹಾರ್ಟ್ ಫೇಲ್ಯೂರ್ ಅನ್ನುತ್ತಾರೆ. ಲಕ್ಷಣ ಇಲ್ಲ, ಆದರೆ ಹೃದಯದ ರಚನೆ ಬದಲಾಗಿದೆ. ಅಥವಾ ಅಪಾಯ ಇರುವವರಲ್ಲಿ ಈ ರಕ್ತದ ಅಂಕಿ ಏರಿದೆ, ಅದಕ್ಕೆ ಬೇರೆ ಕಾರಣ ಸಿಕ್ಕಿಲ್ಲ. ಇವರು ಬಿ ಹಂತದವರು. ಹೃದಯ ನಿಂತಿಲ್ಲ, ಸೋತಿಲ್ಲ. ದುಡಿಯುತ್ತಿದೆ, ಆದರೆ ಕಷ್ಟಪಟ್ಟು ದುಡಿಯುತ್ತಿದೆ.

ಆಂಜಿಯೋಗ್ರಾಂ ಯಾಕೆ ಬೇಡ ಅಂದೆ? ಎದೆನೋವಿಲ್ಲ, ಇಸಿಜಿಯಲ್ಲಿ ರಕ್ತ ಕಡಿಮೆಯಾದ ಗುರುತಿಲ್ಲ, ಎಕೋದಲ್ಲಿ ಗೋಡೆ ಸರಿಯಾಗಿ ಬಡಿಯುತ್ತಿದೆ. ಮೇಲಾಗಿ ಆಂಜಿಯೋಗೆ ಹಾಕುವ ಡೈ, ಈಗಾಗಲೇ ಸೊರಗಿದ ಕಿಡ್ನಿಗೆ ಇನ್ನೊಂದು ಹೊರೆ. ಕಾರಣ ಇದ್ದರೆ ಮಾಡಿಸಲೇಬೇಕು. ಹೆದರಿಕೆ ಒಂದೇ ಕಾರಣ ಆಗಬಾರದು. ಮಗನಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಬೇಕಿದ್ದರೆ ಕಲಬುರಗಿಯ ಜಯದೇವದಲ್ಲಿ ಒಂದು ಸಲ ತೋರಿಸಿಕೊಂಡು ಬನ್ನಿ, ಪತ್ರ ಕೊಡುತ್ತೇನೆ ಅಂದೆ. ಪತ್ರ ತೆಗೆದುಕೊಂಡು ಹೋದರು.

ಏನು ಬದಲಿಸಿದೆವು

ಇದು ಇವರೊಬ್ಬರ ಚೀಟಿ. ಓದಿದವರು ತಮ್ಮ ಗುಳಿಗೆಗಳನ್ನು ತಾವೇ ನಿಲ್ಲಿಸುವುದು, ಸೇರಿಸುವುದು ಬೇಡ.

ಅಸೆಕ್ಲೋಫೆನಾಕ್ ನಿಲ್ಲಿಸಿದೆ. ಮೊಣಕಾಲಿಗೆ ವ್ಯಾಯಾಮ, ತೀರಾ ನೋವಿದ್ದರೆ ಪ್ಯಾರಾಸಿಟಮಾಲ್. ಟೆಲ್ಮಿಸಾರ್ಟಾನ್ ದಿನಾ, ಪ್ರಮಾಣ ಏರಿಸಿ. ಒಂದೆರಡು ವಾರದಲ್ಲಿ ಪೊಟ್ಯಾಷಿಯಂ, ಕ್ರಿಯಾಟಿನಿನ್ ನೋಡುವುದು. ಜೊತೆಗೆ ಬಿಪಿಗೇ ಇನ್ನೊಂದು ಗುಳಿಗೆ ಅಮ್ಲೋಡಿಪಿನ್, ಕೊಲೆಸ್ಟರಾಲಿಗೆ ಸ್ಟ್ಯಾಟಿನ್. ಮೂರು ಸೇರಿದ ಸಕ್ಕರೆ ಗುಳಿಗೆಯ ಬದಲು ಮೆಟ್‌ಫಾರ್ಮಿನ್ ಮತ್ತು ಡಾಪಾಗ್ಲಿಫ್ಲೋಜಿನ್.

ಡಾಪಾಗ್ಲಿಫ್ಲೋಜಿನ್ ಬಗ್ಗೆ ಎರಡು ಮಾತು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಗುಳಿಗೆ ಇದು. ಸಕ್ಕರೆ ಕಾಯಿಲೆ ಇರುವವರು ಹಾರ್ಟ್ ಫೇಲ್ಯೂರಿಗಾಗಿ ಆಸ್ಪತ್ರೆ ಸೇರುವುದನ್ನು ಕಡಿಮೆ ಮಾಡುತ್ತದೆ, ಕಿಡ್ನಿಯನ್ನೂ ಕಾಯುತ್ತದೆ ಅಂತ ದೊಡ್ಡ ಅಧ್ಯಯನಗಳಲ್ಲಿ ಗೊತ್ತಾಗಿದೆ. 2020ರಲ್ಲಿ ಭಾರತದಲ್ಲಿ ಇದರ ಪೇಟೆಂಟ್ ಮುಗಿದು ಜನರಿಕ್ ಗುಳಿಗೆಗಳು ಬಂದವು, ಬೆಲೆ ಕೈಗೆಟುಕಿತು. ಆದರೆ ನಮ್ಮ ಬಿಸಿಲಿಗೆ ಇದನ್ನು ಹೇಳಿಕೊಟ್ಟು ಬರೆಯಬೇಕು. ಮೂತ್ರ ಜಾಸ್ತಿ ಹೋಗುತ್ತದೆ, ಏಪ್ರಿಲ್-ಮೇ ತಿಂಗಳಲ್ಲಿ ನೀರು ಕಡಿಮೆ ಆಗಬಾರದು. ವಾಂತಿ-ಭೇದಿ ಆದ ದಿನ ಇದನ್ನೂ ಟೆಲ್ಮಿಸಾರ್ಟಾನನ್ನೂ ಮೆಟ್‌ಫಾರ್ಮಿನನ್ನೂ ನಿಲ್ಲಿಸಿ ಫೋನ್ ಮಾಡಬೇಕು. ಮೂತ್ರದ ಜಾಗ ಸ್ವಚ್ಛ ಇಟ್ಟುಕೊಳ್ಳದಿದ್ದರೆ ಫಂಗಸ್ ತುರಿಕೆ ಬರುತ್ತದೆ. ಇದನ್ನು ನಾಚಿಕೊಂಡು ಯಾರೂ ಹೇಳುವುದಿಲ್ಲ, ಗುಳಿಗೆಯನ್ನೇ ಬಿಟ್ಟುಬಿಡುತ್ತಾರೆ. ಶ್ರಾವಣದಲ್ಲಿ ನಿರಾಹಾರ ಉಪವಾಸ ಮಾಡುವವರು ಮೊದಲೇ ಕೇಳಬೇಕು. ಊಟ ಬಿಟ್ಟು ಈ ಗುಳಿಗೆ ನುಂಗಿದರೆ ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ಏರುವ ಅಪಾಯ ಇದೆ.

ಉಪ್ಪಿನ ಲೆಕ್ಕ ಹೆಂಡತಿಯ ಜೊತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದಷ್ಟು. ಅಡುಗೆಯಲ್ಲಿ ಕಡಿಮೆಯೇ ಹಾಕುತ್ತಿದ್ದರು. ಉಪ್ಪು ಬರುತ್ತಿದ್ದದ್ದು ತಾಟಿನ ಅಂಚಿನಿಂದ: ಮಾವಿನ ಉಪ್ಪಿನಕಾಯಿ, ಉಪ್ಪು ಮೆಣಸಿನಕಾಯಿ, ಹಪ್ಪಳ. ಆಮೇಲೆ ಸಂಜೆ ಅಂಗಡಿಗೆ ತರಿಸುವ ಒಗ್ಗರಣೆ ಮಂಡಕ್ಕಿ, ಮಿರ್ಚಿ. ‘ಲೋ ಸೋಡಿಯಂ ಉಪ್ಪು ತರಲೇನ್ರೀ’ ಅಂತ ಮಗ ಕೇಳಿದ. ಬೇಡ ಅಂದೆ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಷಿಯಂ ಇರುತ್ತದೆ. ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುವ, ಕಿಡ್ನಿ ಸೊರಗಿದ ಮನುಷ್ಯನಿಗೆ ಅದು ಅಪಾಯ.

ಲಕ್ಷಣವೇ ಇಲ್ಲದವರಿಗೆ ಇಷ್ಟೆಲ್ಲಾ ಮಾಡಿ ಉಪಯೋಗ ಇದೆಯಾ ಅನ್ನುವುದು ನ್ಯಾಯವಾದ ಪ್ರಶ್ನೆ. 2013ರಲ್ಲಿ ಎರಡು ಅಧ್ಯಯನ ಪ್ರಕಟವಾದವು. ಐರ್ಲೆಂಡಿನ ಸ್ಟಾಪ್-ಎಚ್‌ಎಫ್ ಅಧ್ಯಯನದಲ್ಲಿ ಅಪಾಯ ಇರುವ 1374 ಜನರನ್ನು ತೆಗೆದುಕೊಂಡರು. ಒಂದು ಗುಂಪಿನಲ್ಲಿ ಬಿಎನ್‌ಪಿ ನೋಡಿ, 50 ದಾಟಿದವರಿಗೆ ಎಕೋ ಮತ್ತು ತಜ್ಞರ ನಿಗಾ ಕೊಟ್ಟರು. ಹೃದಯದ ಶಕ್ತಿ ಕುಂದುವುದು ಆ ಗುಂಪಿನಲ್ಲಿ ಕಡಿಮೆ: ಇನ್ನೊಂದು ಗುಂಪಿನಲ್ಲಿ 8.7 ಶೇಕಡಾ, ಇದರಲ್ಲಿ 5.3. ಪಾಂಟಿಯಾಕ್ ಅನ್ನುವ ಇನ್ನೊಂದರಲ್ಲಿ ಹೃದಯದ ಕಾಯಿಲೆ ಇಲ್ಲದ, ಆದರೆ ಎನ್‌ಟಿ-ಪ್ರೊಬಿಎನ್‌ಪಿ 125 ದಾಟಿದ್ದ 300 ಸಕ್ಕರೆ ರೋಗಿಗಳಿದ್ದರು. ಬಿಪಿಯ ಗುಳಿಗೆಗಳನ್ನು ಜೋರಾಗಿ ಏರಿಸಿದವರಲ್ಲಿ ಹೃದಯದ ಕಾರಣಕ್ಕೆ ಆಸ್ಪತ್ರೆ ಸೇರುವುದು, ಸಾಯುವುದು ಕಡಿಮೆಯಾಯಿತು. ಈಗ ಅಮೆರಿಕದ ಡಯಾಬಿಟಿಸ್ ಅಸೋಸಿಯೇಶನ್ ಕೂಡ ಸಕ್ಕರೆ ಕಾಯಿಲೆ ಇರುವವರಲ್ಲಿ ಲಕ್ಷಣ ಇಲ್ಲದಿದ್ದರೂ ಈ ಪರೀಕ್ಷೆಯನ್ನು ಯೋಚಿಸಿ ಅನ್ನುತ್ತದೆ. ಅಂದರೆ ಮಗಳು ಮಾಡಿಸಿದ ಪರೀಕ್ಷೆ ದಂಡವಲ್ಲ. ಅದೇ ಪ್ಯಾಕೇಜನ್ನು ಬಿಪಿ, ಸಕ್ಕರೆ ಇಲ್ಲದ 30ರ ಹುಡುಗನಿಗೂ ಮಾರುತ್ತಾರಲ್ಲ, ಅದು ದಂಡ.

ಮೂರು ತಿಂಗಳ ಮೇಲೆ

ಮನೆಯಲ್ಲಿ ನೋಡಿದ ಬಿಪಿ 134/80ರ ಆಸುಪಾಸು. ಎಚ್‌ಬಿಎ1ಸಿ 7.3. ತೂಕ 78ರಿಂದ 75 ಕಿಲೋಗೆ ಇಳಿದಿತ್ತು. ಮೂತ್ರದ ಆಲ್ಬುಮಿನ್ ಅನುಪಾತ 80. ಕ್ರಿಯಾಟಿನಿನ್ 1.4ರಿಂದ 1.5 ಆಗಿತ್ತು, ಮಗ ಅದನ್ನೇ ಬೆರಳಿಟ್ಟು ತೋರಿಸಿದ. ಟೆಲ್ಮಿಸಾರ್ಟಾನ್, ಡಾಪಾಗ್ಲಿಫ್ಲೋಜಿನ್ ಶುರು ಮಾಡಿದಾಗ ಮೊದಲಿಗೆ ಇಷ್ಟು ಏರುವುದು ನಿರೀಕ್ಷಿತ, ಗಾಬರಿಯಾಗಿ ನಿಲ್ಲಿಸುವಂಥದ್ದಲ್ಲ. ಪೊಟ್ಯಾಷಿಯಂ ಸರಿ ಇತ್ತು.

ಎನ್‌ಟಿ-ಪ್ರೊಬಿಎನ್‌ಪಿ ಅದೇ ಲ್ಯಾಬಿನಲ್ಲಿ 310. ಈ ಅಂಕಿ ಕಾಯಿಲೆ ಬದಲಾಗದಿದ್ದರೂ ವಾರದಿಂದ ವಾರಕ್ಕೆ ಸ್ವಲ್ಪ ಮೇಲೆ ಕೆಳಗೆ ಆಡುತ್ತದೆ. 486 ಇದ್ದದ್ದು 450 ಆಗಿದ್ದರೆ ಅದಕ್ಕೆ ನಾನು ಅರ್ಥ ಕೊಡುತ್ತಿರಲಿಲ್ಲ. ಮೂರನೇ ಒಂದು ಪಾಲಿಗಿಂತ ಜಾಸ್ತಿ ಇಳಿದಿದೆ, ಬಿಪಿಯೂ ಇಳಿದಿದೆ, ಎರಡೂ ಒಂದೇ ಕಡೆ ಕೈ ತೋರಿಸುತ್ತಿವೆ. 125ರ ಕೆಳಗೆ ತರಲೇಬೇಕು ಅನ್ನುವ ಹಟ ನನಗಿಲ್ಲ. ಕಿಡ್ನಿಯ ಪಾಲು ಉಳಿದೇ ಇರುತ್ತದೆ. ತಿಂಗಳಿಗೊಮ್ಮೆ ಮಾಡಿಸುತ್ತೇವೆ ಅಂದರು, ಬೇಡ ಅಂದೆ. ವರ್ಷಕ್ಕೊಮ್ಮೆ ಸಾಕು. ಎಕೋ ಕೂಡ ಇನ್ನೊಂದು ವರ್ಷದ ಮೇಲೆ. ಅದಕ್ಕೂ ಮುಂಚೆ ಬರಬೇಕಾದದ್ದು ಮಲಗಿದರೆ ದಮ್ಮು ಹತ್ತಿದರೆ, ಕಾಲು ಬಾತರೆ, ಎರಡು ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ, ಎದೆಬಡಿತ ತಾಳ ತಪ್ಪಿದ ಹಾಗೆ ಅನ್ನಿಸಿದರೆ.

ಹೊರಡುವ ಮುಂಚೆ ಹೆಂಡತಿ ಮೆಲ್ಲಗೆ, ‘ಡಾಕ್ಟ್ರ, ನಂದೂ ಆ ಪರೀಕ್ಷಾ ಒಂದು ಮಾಡಸ್ರಲ್ಲಾ’ ಅಂದರು. ವಯಸ್ಸು 56. ಸಕ್ಕರೆ ಇಲ್ಲ, ದಮ್ಮಿಲ್ಲ, ಹಿಂದೆ ಯಾವ ಕಾಯಿಲೆಯೂ ಇಲ್ಲ. ನಿಮಗೆ ಆ ಪರೀಕ್ಷೆ ಬೇಡ, ಕೈ ಚಾಚಿ ಅಂದೆ. ಬಿಪಿ 152/90 ಇತ್ತು. ಇದುವರೆಗೆ ಬಿಪಿ ನೋಡಿಸಿಯೇ ಇರಲಿಲ್ಲವಂತೆ. ಮನೆಯಲ್ಲಿ ಗಂಡನಿಗೆ ತಂದ ಯಂತ್ರ ಇದೆ. ಒಂದು ವಾರ ಬೆಳಿಗ್ಗೆ, ಸಂಜೆ ಅದರಲ್ಲೇ ನೋಡಿ ಬರೆದುಕೊಂಡು ಬರಲು ಹೇಳಿದ್ದೇನೆ.